ಜಹೀರುನ್ನೀಸಾ ಬಿಚ್ಚಿಟ್ಟ ಮೋಟರು

ಕಡೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜಹೀರುನ್ನೀಸಾಳ ಕಾಲುಗಳು ಮೂವತ್ತು ವರ್ಷ ಸುಮ್ಮನಿದ್ದದ್ದೇ ಇಲ್ಲ. ಪಂಚನಹಳ್ಳಿ ಕಡೆಯವರ ರವಿಕೆ, ಶಾಲೆ ಮಕ್ಕಳ ಲಂಗ, ಎಲ್ಲವನ್ನೂ ಹೊಲಿದದ್ದು ಕಾಲಲ್ಲಿ ತುಳಿಯುವ ಹಳೇ ಮಿಷನ್ನು. ಒಂದು ತೋಳು ಹೊಲಿದರೆ ಎದ್ದು ಇಸ್ತ್ರಿ ಮೇಜಿಗೆ, ಅಲ್ಲಿಂದ ದಾರಕ್ಕೆ ಒಳಮನೆಗೆ, ಗುಂಡಿ ಸಾಲದಿದ್ದರೆ ಎದುರಂಗಡಿಗೆ.

ಅವಳ ಈ ಓಡಾಟ ನೋಡಲಾಗದೆ ಮಗ ಅಲ್ತಾಫ್ ಕಳೆದ ರಂಜಾನಿನಲ್ಲಿ ಮಿಷನ್ನಿಗೆ ಮೋಟರು ಕೂರಿಸಿದ. ಮೆತ್ತನೆಯ ಕುರ್ಚಿ ತಂದ. ದಾರ, ಗುಂಡಿ, ಕತ್ತರಿ ಕೈಗೆಟುಕುವಂತೆ ಗೋಡೆಗೆ ಹಲಗೆ ಹೊಡೆಸಿದ. ಸೊಸೆ ತರನ್ನುಮ್ ಚಹಾವನ್ನೂ ಕೂತಲ್ಲಿಗೇ ತಂದುಕೊಡತೊಡಗಿದಳು.

"ಅಮ್ಮೀ, ಇನ್ನು ನೀನು ರಾಣಿ ಕಣೇ," ಎಂದ ಅಲ್ತಾಫ್.

ಎಂಟು ತಿಂಗಳಲ್ಲಿ ರಾಣಿಯ ರವಿಕೆಗಳೆಲ್ಲ ಬಿಗಿಯಾದವು. ಮೊದಲಿಂದಲೂ ಇದ್ದ ಸಕ್ಕರೆ ಕಾಯಿಲೆ ಏರಿತು. ರಕ್ತದ ವರದಿ ನೋಡಿದ ಡಾಕ್ಟರ್ ವಿದ್ಯಾಶ್ರೀ, "ಮೂರು ತಿಂಗಳು ನೋಡೋಣ. ಇಳೀದಿದ್ರೆ ಇನ್ಸುಲಿನ್ ಚುಚ್ಚಿಸ್ಕೋಬೇಕಾಗುತ್ತೆ," ಎಂದರು.

ಬದುಕಿಡೀ ಸೂಜಿಯೊಡನೆ ಕಳೆದವಳು ಆ ಸೂಜಿಗೆ ಮಾತ್ರ ಹೆದರಿದಳು. "ಒಂದು ತುತ್ತು ಜಾಸ್ತಿ ತಿಂದಿಲ್ಲ ಮೇಡಂ, ಅಲ್ಲಾನಾಣೆ. ಬದಲಾಗಿರೋದು ಒಂದೇ, ಮಿಷನ್ನಿಗೆ ಮೋಟರು ಬಂತು."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಮೈ ದುಡಿಯೋದು ಓಡಿದಾಗ ಮಾತ್ರ ಅಲ್ಲಮ್ಮ. ಏಳೋದು, ಕೂರೋದು, ಕಾಲಾಡಿಸೋದು, ನಾಲ್ಕು ಹೆಜ್ಜೆ ಹಾಕೋದು, ಎಲ್ಲಕ್ಕೂ ಒಳಗಿನ ಸಕ್ಕರೆ ಸೌದೆ ಹಾಗೆ ಉರೀಬೇಕು. ಚೂರುಚೂರೇ ಸೇರಿ ಸಂಜೆಗೆ ಒಂದು ಹೊರೆ ಆಗುತ್ತೆ. ಈಗ ನಿಮ್ಮಲ್ಲಿ ಆ ಹೊರೆ ಹಾಗೇ ಉಳೀತಿದೆ. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ."

ಮನೆಗೆ ಬಂದವಳೇ ಜಹೀರುನ್ನೀಸಾ ಸ್ಕ್ರೂಡ್ರೈವರ್ ಹುಡುಕಿ ಮೋಟರು ಬಿಚ್ಚಿದಳು. ಎಸೆಯದೆ ಇಟ್ಟಿದ್ದ ಚರ್ಮದ ಬೆಲ್ಟನ್ನು ಚಕ್ರಕ್ಕೆ ಏರಿಸಿದಳು. ದಾರದ ಡಬ್ಬಿ ಮತ್ತೆ ಒಳಮನೆ ಸೇರಿತು. ಮೆತ್ತನೆಯ ಕುರ್ಚಿ ಜಗಲಿಗೆ ಹೋಯಿತು, ಅದರ ಮೇಲೆ ಬೆಕ್ಕು ಮಲಗಿತು.

ಅಲ್ತಾಫ್ ಬಂದು ಕೂಗಾಡಿದ. "ಓಣಿ ಜನ ಏನಂತಾರೆ? ವಯಸ್ಸಾದ ತಾಯಿ ಹತ್ರ ಮಿಷನ್ ತುಳಿಸ್ತಾನೆ ಅಂತ ನನ್ನ ಮುಖಕ್ಕೆ ಉಗೀತಾರೆ!"

"ಉಗೀಲಿ. ಉಗಿಯೋರು ಬಂದು ನನ್ ಬದಲು ಚುಚ್ಚಿಸ್ಕೋತಾರಾ?"

ಮರುದಿನ ರವಿಕೆ ಬಟ್ಟೆ ತಂದ ತೀರ್ಥಮ್ಮ ನಕ್ಕಳು. "ಏನ್ರೀ ಬೀಬಿ, ಇದ್ದ ಮೋಟರು ಬಿಟ್ಟು ಮತ್ತೆ ಸೈಕಲ್ ಹತ್ತಿದ್ದೀರಿ? ಎಲ್ಲಿಗೆ ಹೊರಟ್ರಿ?"

"ಆಸ್ಪತ್ರೆಯಿಂದ ದೂರ ಕಣ್ರೀ," ಎಂದಳು ಜಹೀರುನ್ನೀಸಾ, ಕಾಲು ನಿಲ್ಲಿಸದೆ.

ಮೊದಲ ವಾರ ಮೀನಖಂಡ ಹಿಡಿದುಕೊಂಡಿತು. ಎಣ್ಣೆ ತಿಕ್ಕಿಕೊಂಡು ತುಳಿದಳು. ಮೋಟರು ವಾಪಸ್ ಹಾಕಲೆಂದು ಅಲ್ತಾಫ್ ಎರಡು ಸಲ ಸ್ಕ್ರೂಡ್ರೈವರ್ ಹುಡುಕಿದ. ಅದು ಅವಳ ದಿಂಬಿನ ಕೆಳಗಿತ್ತು.

ಮೂರು ತಿಂಗಳ ಮೇಲೆ ಡಾಕ್ಟರ್ ಹೊಸ ವರದಿ ನೋಡಿದರು. "ಇನ್ನೂ ಇಳೀಬೇಕು. ಆದ್ರೆ ದಾರಿಗೆ ಬಂದಿದೆ. ಇನ್ಸುಲಿನ್ ಸದ್ಯಕ್ಕೆ ಬೇಡ."

"ಮಾತ್ರೆ ಕೆಲಸ ಮಾಡಿದೆ, ನೋಡು," ಎಂದ ಜೊತೆಗಿದ್ದ ಅಲ್ತಾಫ್, ಸೋಲೊಪ್ಪದೆ.

"ಅದೇ ಮಾತ್ರೆ ಆ ಎಂಟು ತಿಂಗಳೂ ನುಂಗಿದ್ನಲ್ಲೋ. ಆಗ ಅದು ನಿದ್ದೆ ಮಾಡ್ತಿತ್ತಾ?"

ಮನೆಗೆ ಬಂದು ಅವಳು ಚಪ್ಪಲಿ ಬಿಟ್ಟು ಮಿಷನ್ನಿನ ಮುಂದೆ ಕೂತಳು. ಅಡುಗೆಮನೆಯಿಂದ ತರನ್ನುಮ್ ಲೋಟ ಹಿಡಿದು ಹೊರಟದ್ದು ಕಂಡಿತು.

"ಅಲ್ಲೇ ಇಡೇ," ಎಂದು ಎದ್ದಳು. "ಚಹಾ ನನ್ನ ಹತ್ರ ಬರೋದು ಬೇಡ, ನಾನೇ ಬತ್ತೀನಿ."