ನನ್ನ ಲಾಯರ್‌ನ ನಾನೇ ಆರಿಸಿದ್ದು

ಮೊದಲೇ ಹೇಳಿಬಿಡುತ್ತೇನೆ: ಅಮೆರಿಕದ ನಮ್ಮ ರಾಲಿ ಊರಿನಲ್ಲಿ ಮನೆ ಕೊಳ್ಳುವಾಗ ಕಾಗದಪತ್ರ ನೋಡುವುದು ಲಾಯರ್, ಆ ಲಾಯರನ್ನು ಆರಿಸುವ ಹಕ್ಕು ಕೊಳ್ಳುವವರದು. ಕನ್ನಡ ಕೂಟದ ಹಿರಿಯರೂ ಆಗಿದ್ದ ನಮ್ಮ ಮನೆ ಏಜೆಂಟ್ ಅಂಕಲ್ ಇದನ್ನು ಒಪ್ಪಲಿಲ್ಲ.

"ಎಲ್ಲರೂ ನಾನು ಹೇಳಿದ ಲಾಯರ್ ಹತ್ರಾನೇ ಹೋಗೋದು. ನೀನೇನು ಸ್ಪೆಷಲ್ಲಾ?"

"ಅಂಕಲ್, ಮನೆ ಮಾರೋರಿಗೂ ಅವರೇ ಲಾಯರ್ ಅಲ್ವಾ?"

"ಹೌದು, ಅದಕ್ಕೇ ಬೇಗ ಮುಗಿಯುತ್ತೆ!"

"ಹಾಗಾದ್ರೆ ನನಗೆ ಬೇರೆಯವರೇ ಬೇಕು."

ಊರಿನಲ್ಲೇ ಇದ್ದ ಒಬ್ಬ ಮಹಿಳಾ ಲಾಯರನ್ನು ಹಿಡಿದೆ. ವಾರದೊಳಗೆ ಅವರು ಆ ಜಾಗದ ನಕ್ಷೆ ಹರಡಿ ತೋರಿಸಿದರು. ನಾವು ಮೆಚ್ಚಿದ್ದ ಹಿತ್ತಲಿನಲ್ಲಿ ಅರ್ಧ ಪಕ್ಕದ ಮನೆಯವರದು! ನಾನು ಸಹಿ ಹಾಕದೆ ಆ ಮನೆಯನ್ನೇ ಬಿಟ್ಟೆ.

ಕೂಟದ ಯುಗಾದಿ ಊಟದಲ್ಲಿ ಬಡಿಸುತ್ತಿದ್ದ ಅಂಕಲ್, ಎಲ್ಲರಿಗೂ ಎರಡೆರಡು ಹೋಳಿಗೆ ಹಾಕಿ ನನಗೆ ಒಂದೇ ಹಾಕಿದರು. ನಾನೇ ಎದ್ದು ಹೋಗಿ ಇನ್ನೊಂದು ತಂದುಕೊಂಡೆ.