ಹಳದಿ ಯಂತ್ರ ಕೇಳಿದ ಹೆಸರು

ಮೂರನೇ ಬೋರು ಎಂಬ ಕೇರಿಯ ಔಷಧಿ ಪೆಟ್ಟಿಗೆಯನ್ನು ಕಾಯುವವಳು ಡಲ್ಸಿ. ಆಸ್ಟ್ರೇಲಿಯಾದ ನಡುಮರಳುಗಾಡಿನಲ್ಲಿರುವ ಆ ಮೂಲನಿವಾಸಿಗಳ ಕೇರಿಯಲ್ಲಿ ಏಳು ಮನೆ, ಒಂದು ಬೋರ್‌ವೆಲ್ಲು, ಲೆಕ್ಕವಿಲ್ಲದಷ್ಟು ನಾಯಿಗಳು. ಕ್ಲಿನಿಕ್ಕು ಕೆಂಪು ರಸ್ತೆಯಲ್ಲಿ ನಾಲ್ಕು ಗಂಟೆಯ ಹಾದಿ. ಫೋನಿನ ಮಾತೇ ಇಲ್ಲ. ಡಲ್ಸಿಗೆ ಐವತ್ತೆಂಟು ವರ್ಷ, ಮಂಡಿ ನೋವು, ಬಾಯಿ ಜೋರು. ಎಂಟು ವರ್ಷದಿಂದ ಒಂದು ಮಾತ್ರೆಯೂ ಅತ್ತಿತ್ತ ಆಗದ ಹಾಗೆ ಪೆಟ್ಟಿಗೆಯನ್ನು ನೋಡಿಕೊಂಡವಳು.

ಜ್ವರದ ಮಾತ್ರೆ, ಗಾಯದ ಪಟ್ಟಿ ಎಲ್ಲ ಮೇಲಿನ ಖಾನೆಯಲ್ಲಿ, ಅದಕ್ಕೆ ಸಾದಾ ಬೀಗ. ಕೆಳಗಿನ ಉಕ್ಕಿನ ಖಾನೆಯಲ್ಲಿ ಭಾರಿ ನೋವಿನ ಚುಚ್ಚುಮದ್ದು. ಅದನ್ನು ತೆರೆಯಲು ಇಬ್ಬರು ಬೇಕು. ಇಬ್ಬರ ಕೈಗೂ ಉಪಗ್ರಹಕ್ಕೆ ಸಂದೇಶ ಕಳಿಸುವ ಒಂದೊಂದು ಹಳದಿ ಯಂತ್ರ ಕೊಟ್ಟಿದ್ದರು. ಇಬ್ಬರೂ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಗುಂಡಿ ಒತ್ತಿದರೆ, ಊರು ದಾಟಿ ಎಲ್ಲೋ ಇರುವ ಪಟ್ಟಣದ ಆಫೀಸು ಅವರು ನಿಂತ ಜಾಗವನ್ನು ನೋಡಿ, ಬೀಗದ ಅಂಕಿಗಳನ್ನು ವಾಪಸು ಕಳಿಸುತ್ತದೆ. ಕಳ್ಳರ ಭಯವಂತೆ! ಮೂರನೇ ಬೋರಿಗೆ ಬಂದು ಹೋಗಬೇಕಾದರೆ ಕಳ್ಳನೂ ಎರಡು ಸಲ ಟಯರು ಬದಲಿಸಬೇಕು. ಆಫೀಸಿನವರ ತಲೆಗೆ ಇಂಥದ್ದು ಹೊಳೆಯುವುದಿಲ್ಲ.

ಎರಡನೇ ಯಂತ್ರ ಇದ್ದದ್ದು ಡಲ್ಸಿಯ ಅಕ್ಕನ ಮಗನ ಕೈಯಲ್ಲಿ. ಅಕ್ಕನ ಮಗ ಎಂದರೆ ಅಲ್ಲಿ ತನ್ನ ಮಗನೇ. "ಚಿಕ್ಕಮ್ಮಾ, ಮೆಲ್ಲಗೆ ಒತ್ತು. ನೀನು ಒತ್ತೋ ರಭಸಕ್ಕೆ ಉಪಗ್ರಹ ಕಳಚ್ಕೊಂಡು ಬಿದ್ದೀತು" ಎಂದು ಅವನು ಕಿಚಾಯಿಸುವುದು, "ನಿನ್ನ ಬೆರಳೇನು ಹೂವಾ? ಸುಮ್ನೆ ಒತ್ತೋ ಕತ್ತೆ" ಎಂದು ಇವಳು ಬೈಯುವುದು, ಇದು ಅವರ ವಾಡಿಕೆ.

ಮಾರ್ಚಿನಲ್ಲಿ ಅವನ ಗಾಡಿ ಉರುಳಿತು. ಇಪ್ಪತ್ತೊಂಬತ್ತು ವರ್ಷಕ್ಕೇ ಹೋದ. ಅಂದಿನಿಂದ ಅವನ ಹೆಸರನ್ನು ಯಾರೂ ಎತ್ತುವಂತಿಲ್ಲ. ಅದೇ ಹೆಸರಿನ ಇನ್ನೊಬ್ಬ ಹುಡುಗನನ್ನೂ ಈಗ 'ಕುನ್ಮನಾರ' ಎಂದೇ ಕರೆಯುತ್ತಾರೆ. ಸತ್ತವರ ಹೆಸರಿನ ಜಾಗದಲ್ಲಿ ಹೇಳುವ ಪದ ಅದು. ಅವನ ಮನೆಯನ್ನು ಗುಡಿಸಿ ಮುಚ್ಚಿದರು. ಹಾಸಿಗೆ, ಬಟ್ಟೆ, ಟೋಪಿ ಎಲ್ಲ ಸುಟ್ಟರು. ಅವನ ಸೊಂಟದಲ್ಲಿರುತ್ತಿದ್ದ ಹಳದಿ ಯಂತ್ರವೂ ಅದರ ಜೊತೆಗೇ ಬೆಂಕಿಗೆ ಬಿತ್ತು. ಅದು ಆಫೀಸಿನ ಸ್ವತ್ತು ಎಂದು ಆ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ? ಅವನದಾಗಿತ್ತು, ಸುಟ್ಟರು.

ಏಪ್ರಿಲ್‌ನಲ್ಲಿ ಆಫೀಸಿನಿಂದ ಒಂದು ಕಾಗದ ಬಂತು. ಪೆಟ್ಟಿಗೆ ಕಾಯುವವರಲ್ಲಿ ಯಾರಾದರೂ ಬಿಟ್ಟುಹೋಗಿದ್ದರೆ ಅವರ ಹೆಸರು ಬರೆಯಿರಿ ಎಂದು. ಡಲ್ಸಿ ತನಗೆ ಸರಿ ಕಂಡಂತೆ 'ಕುನ್ಮನಾರ' ಎಂದು ದುಂಡಗೆ ಬರೆದು ಕಳಿಸಿದಳು. ಆ ಹೆಸರಿನವರು ಪಟ್ಟಿಯಲ್ಲೇ ಇಲ್ಲವಲ್ಲ ಎಂದು ಅಲ್ಲಿ ಯಾರೋ ಕಾಗದವನ್ನು ಬದಿಗಿಟ್ಟರು. ಕೆಲಸ ಆಯಿತು ಎಂದು ಇವಳು ಅಂದುಕೊಂಡಳು.

ಅಷ್ಟರಲ್ಲಿ ಅಕ್ಕ, ತೀರಿಕೊಂಡವನ ತಾಯಿ, ಪಟ್ಟಣದ ಆಸ್ಪತ್ರೆಯಿಂದ ವಾಪಸು ಬಂದಳು. (ಅವಳ ಹೆಸರನ್ನೂ ಈಗ ಹೇಳುವಂತಿಲ್ಲ, ಅಕ್ಕ ಎಂದೇ ಇರಲಿ.) ಹೊಟ್ಟೆಯಲ್ಲಿ ಗಡ್ಡೆ, ಇನ್ನು ಮಾಡುವುದೇನೂ ಇಲ್ಲ ಎಂದಿದ್ದರು. "ಸಾಯೋದಾದ್ರೆ ನನ್ನ ನೆಲದಲ್ಲೇ ಸಾಯ್ತೀನಿ, ಆ ಬಿಳೀ ಗೋಡೆ ನೋಡ್ಕೊಂಡು ಅಲ್ಲ" ಎಂದು ಹಟ ಹಿಡಿದು ಬಂದವಳು. ಡಲ್ಸಿಯ ವರಾಂಡದಲ್ಲೇ, ಪೆಟ್ಟಿಗೆಯ ಕೋಣೆಗೆ ಆತುಕೊಂಡಂತೆ ಹಾಸಿಗೆ ಹಾಕಿದರು. ಬೂದಿಯಲ್ಲಿ ಸುಟ್ಟ ರೊಟ್ಟಿಯ ಚೂರನ್ನು ಸಕ್ಕರೆ ಚಹಾದಲ್ಲಿ ಅದ್ದಿ ತಿನ್ನಿಸುತ್ತ ಡಲ್ಸಿ ಮಾತು ಕೊಟ್ಟಳು. "ನೋವು ನಿನ್ನ ಹತ್ರ ಸುಳಿಯೋಕೂ ಬಿಡಲ್ಲ ಅಕ್ಕಾ. ಪೆಟ್ಟಿಗೇಲಿ ಔಷಧಿ ಇದೆ, ಕಾಯೋಳು ನಾನಿದೀನಿ."

ನರ್ಸು ವಾರಕ್ಕೊಮ್ಮೆ ಬಂದು ತೋಳಿಗೆ ಔಷಧಿಯ ಪಟ್ಟಿ ಅಂಟಿಸಿ ಹೋಗುತ್ತಿದ್ದಳು. ಅದರಲ್ಲೇ ದಿನ ಸಾಗುತ್ತಿತ್ತು. ಆಮೇಲೆ ಮಳೆ ಹಿಡಿಯಿತು. ಮೂರು ದಿನಕ್ಕೆ ರಸ್ತೆ ಕೊಚ್ಚಿಹೋಯಿತು, ವಿಮಾನ ಇಳಿಯುವ ಬಯಲು ಕೆಸರಾಯಿತು. ಗುರುವಾರ ಮಧ್ಯಾಹ್ನ ಅಕ್ಕನ ನೋವು ಪಟ್ಟಿಯನ್ನು ಮೀರಿ ಕಿತ್ತುಕೊಂಡು ಬಂತು.

ಡಲ್ಸಿ ಪೆಟ್ಟಿಗೆಯ ಪಕ್ಕ ನಿಂತು ಗುಂಡಿ ಒತ್ತಿದಳು. ಯಂತ್ರದ ಪುಟ್ಟ ಗಾಜಿನ ಮೇಲೆ ಉತ್ತರ ಮೂಡಿತು. ಎರಡನೆಯವರಿಗಾಗಿ ಕಾಯುತ್ತಿದ್ದೇವೆ ಎಂದು, ಜೊತೆಗೆ ಅವನ ಹೆಸರು. ಅವಳು ಬೆಚ್ಚಿ ಹೆಬ್ಬೆರಳಿನಿಂದ ಅದನ್ನು ಮುಚ್ಚಿಬಿಟ್ಟಳು.

'ಎರಡನೆಯವನು ಇಲ್ಲ. ತೀರಿಕೊಂಡ. ಬೇಗ ತೆರೆಯಿರಿ' ಎಂದು ಬರೆದಳು.

ಆಫೀಸಿನಲ್ಲಿ ಆ ಹೊತ್ತಿಗೆ ಕೂತಿದ್ದವನು ಕ್ಯಾಲಮ್ ಎಂಬ ಹುಡುಗ, ಕೆಟ್ಟವನಲ್ಲ. ಅವನ ಉತ್ತರ ಬರಲು ಆರು ನಿಮಿಷ ಹಿಡಿಯಿತು. 'ಕ್ಷಮಿಸಿ ಆಂಟಿ. ತೀರಿಕೊಂಡವರ ಹೆಸರು ನೀವೇ ಕಳಿಸಬೇಕು. ನಿಮ್ಮ ಯಂತ್ರದಿಂದಲೇ.'

'ಕುನ್ಮನಾರ.'

'ಪಟ್ಟಿಯಲ್ಲಿ ಇರುವ ಹೆಸರು ಬೇಕು.'

'ಪಟ್ಟಿ ನಿನ್ನ ಕಣ್ಣೆದುರೇ ಇದೆಯಲ್ಲಪ್ಪ! ನೀನೇ ಓದಿಕೊ.'

'ಓದಿದೆ. ನಾನು ಬರೆಯುವ ಹಾಗಿಲ್ಲ, ನಿಯಮ. ತೀರಿಕೊಂಡವರು ಯಾರೆಂದು ಪೆಟ್ಟಿಗೆ ಕಾಯುವವರೇ ಬರೆದುಕೊಟ್ಟ ದಾಖಲೆ ಬೇಕು.'

ಒಂದೊಂದು ಮಾತಿಗೂ ಆರೇಳು ನಿಮಿಷ. ವರಾಂಡದಿಂದ ಅಕ್ಕ ಕೂಗಿದಳು. "ಏನೇ ಅದು, ಕೀಂ ಕೀಂ ಅಂತ? ಏನಂತೆ?"

"ಎರಡನೇವ್ರು ಬೇಕಂತೆ" ಎಂದಳು ಡಲ್ಸಿ. ಮುಂದಿನದನ್ನು ಹೇಳಲಿಲ್ಲ. ಅಕ್ಕನಿಗೆ ಹೇಳಬೇಕಾಗಿಯೂ ಇರಲಿಲ್ಲ.

"ಹೆಸರು ಕೇಳ್ತಾವ್ರೆ ತಾನೆ?" ಅವಳು ಕಂಬಳಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. "ಎತ್ತಬೇಡ ಕಣೇ. ಅವನಿನ್ನೂ ದಾರೀಲಿದಾನೆ. ಕರೆದ್ರೆ ತಿರುಗಿ ನೋಡ್ತಾನೆ, ಅಲ್ಲೇ ನಿಂತುಬಿಡ್ತಾನೆ. ನಾನು ತಡ್ಕೋತೀನಿ. ಆಣೆ ಮಾಡು."

ಡಲ್ಸಿ ಆಣೆ ಮಾಡಲಿಲ್ಲ. ಹೂಂ ಎಂದಳು, ಅಷ್ಟೆ.

ಅಕ್ಕ ಒಂದು ಗಂಟೆ ತಡೆದಳು. ಕಂಬಳಿಯ ಅಂಚನ್ನು ಕಚ್ಚಿ ಹರಿದಳು. ಆಮೇಲೆ ತಡೆಯಲು ಅವಳಲ್ಲಿ ಏನೂ ಉಳಿದಿರಲಿಲ್ಲ. ಮಾತೂ ಅಲ್ಲದ, ಅಳುವೂ ಅಲ್ಲದ ಒಂದು ಸದ್ದು ಹೊರಟಿತು. ಅದನ್ನು ಕೇಳಿ ವರಾಂಡದ ನಾಯಿಗಳು ಎದ್ದು ದೂರ ಹೋದವು. ಪಕ್ಕದ ಮನೆಯ ಹೆಂಗಸರು ಬಂದು ಅಂಗಳದಲ್ಲಿ ಕೂತರು. ಯಾರೂ ಡಲ್ಸಿಗೆ ಬರೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹಾಗೆ ಹೇಳುವ ಭಾರವನ್ನು ಯಾರು ಹೊತ್ತಾರು?

ಇದನ್ನು ಕೇಳಿಸಿಕೊಂಡು ಕೂತಿರುವುದು ಮನುಷ್ಯರ ಕೈಲಾಗದ ಕೆಲಸ. ಡಲ್ಸಿ ಬೆನ್ನು ತಿರುಗಿಸಿ, ಪೆಟ್ಟಿಗೆಗೆ ಹಣೆಯಾನಿಸಿ, ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದಳು. ತುಟಿ ಅಲುಗದ ಹಾಗೆ ಹಲ್ಲು ಕಚ್ಚಿಕೊಂಡಿದ್ದಳು. ಕಳಿಸಿದಳು.

ಅಂಕಿಗಳು ಬಂದವು. ಮೂರು ದಿನ ನೀವೊಬ್ಬರೇ ಸಾಕು ಎಂದೂ ಕ್ಯಾಲಮ್ ಬರೆದಿದ್ದ. ಖಾನೆ ತೆರೆಯಿತು. ಡಲ್ಸಿ ಕಲಿತಿದ್ದಂತೆಯೇ ಅಳೆದು ಚುಚ್ಚಿದಳು. ಹತ್ತು ಹದಿನೈದು ನಿಮಿಷದಲ್ಲಿ ಅಕ್ಕನ ಮುಷ್ಟಿ ಬಿಚ್ಚಿತು, ಹುಬ್ಬಿನ ಗಂಟು ಸಡಿಲವಾಯಿತು.

"ಹೆಂಗೆ ತೆಗೆದ್ಯೇ?" ಎಂದಳು ಅಕ್ಕ, ಮೆತ್ತಗೆ.

ಆಫೀಸಿನವರೇ ತೆಗೆದರು ಎಂದುಬಿಡಬಹುದಿತ್ತು. ಯಾರು ಹೋಗಿ ಕೇಳುತ್ತಿದ್ದರು? ಆದರೆ ಹುಟ್ಟಿದಾಗಿನಿಂದ ಒಂದೇ ಕಂಬಳಿಯಲ್ಲಿ ಮಲಗಿದವಳ ಎದುರು ಡಲ್ಸಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಬರೆದೆ ಅಕ್ಕಾ. ಬಾಯಲ್ಲಿ ಅನ್ಲಿಲ್ಲ. ಬರೆದೆ, ಅಷ್ಟೆ."

"ಬಾಯಲ್ಲಿ ಅಂದಿದ್ರೆ ಈ ಬೇಲಿ ತನಕ ಕೇಳೋದು" ಎಂದಳು ಅಕ್ಕ. "ನೀನು ಆಕಾಶಕ್ಕೇ ಕಳಿಸ್ಬಿಟ್ಟೆಯಲ್ಲೇ."

ಹಾಗೆಂದು ಗೋಡೆಯ ಕಡೆಗೆ ಹೊರಳಿದಳು. ಮತ್ತೆ ಈ ಕಡೆ ತಿರುಗಲಿಲ್ಲ. ಎರಡು ದಿನ ಡಲ್ಸಿ ಹೊತ್ತು ಹೊತ್ತಿಗೆ ಪೆಟ್ಟಿಗೆ ತೆರೆದು ಔಷಧಿ ತಂದಳು. ಅಕ್ಕ ಮುಖ ತೋರಿಸದೆ ತೋಳನ್ನು ಮಾತ್ರ ಹಿಂದಕ್ಕೆ ಚಾಚುತ್ತಿದ್ದಳು. ಚಹಾ ಬೇರೆ ಹೆಂಗಸರ ಕೈಯಿಂದ ಕುಡಿದಳು. "ಅಕ್ಕಾ, ಒಂದ್ಸಲ ಬೈದುಬಿಡು, ಹೊಡಿ ಬೇಕಾದ್ರೆ" ಎಂದು ಡಲ್ಸಿ ಕಾಲು ಹಿಡಿದು ಗೋಗರೆದಳು. ಶನಿವಾರ ಸಂಜೆಯ ಹೊತ್ತಿಗೆ ಅಕ್ಕನ ಉಸಿರು ನಿಂತಿತು.

ಸೋಮವಾರ ಬಯಲು ಒಣಗಿ ನರ್ಸು ಬ್ರಾನ್‌ವಿನ್ ವಿಮಾನದಲ್ಲಿ ಬಂದಳು. ಖಾಲಿ ಸೀಸೆಗಳನ್ನು ಎಣಿಸಿದಳು, ಹೊತ್ತುಗಳನ್ನು ನೋಡಿದಳು. ಎಲ್ಲ ಅಚ್ಚುಕಟ್ಟಾಗಿತ್ತು. ಡಲ್ಸಿ ಬೂದಿ ಬಳಿದುಕೊಂಡು, ತಲೆ ಬೋಳಿಸಿಕೊಂಡು ನೆಲದ ಮೇಲೆ ಕೂತಿದ್ದಳು. ಬ್ರಾನ್‌ವಿನ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಭುಜ ಹಿಡಿದಳು.

"ನೀವಿದ್ದಿದ್ದಕ್ಕೆ ಆಯ್ತು ಆಂಟಿ. ಕೊನೇಲಿ ಅವ್ರಿಗೆ ನೋವಾಗ್ಲಿಲ್ಲ."

"ನೋವಾಯ್ತಮ್ಮ" ಎಂದಳು ಡಲ್ಸಿ. "ನಾನೇ ಮಾಡಿದ್ದು."