ಮಾಸ್ತರರ ಪೆನ್ನಿಗೆ ಬೇಕಾಗಿದ್ದ ಕನ್ವರ್ಟರ್

ಕಳೆದ ಭಾನುವಾರ ನಾವಿರುವ ಈ ಮರಾಠಿ ಊರಿನ ಶಿವಾಜಿನಗರದಲ್ಲಿ ಪೆನ್ನುಗಳ ಪ್ರದರ್ಶನವಿತ್ತು. ಒಳಗೆ ಕಾಲಿಡುತ್ತಲೇ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಒಂದು ಮೇಜಿನ ತುಂಬ ಕನ್ವರ್ಟರ್‌ಗಳ ರಾಶಿ. ಫೌಂಟನ್ ಪೆನ್ನಿನ ಹೊಟ್ಟೆಯೊಳಗೆ ಕೂತು ಶಾಯಿ ಹೀರಿಕೊಳ್ಳುವ ಆ ಪುಟ್ಟ ಪಿಚಕಾರಿಗಳನ್ನು ಕಾಲೇಜಿನವರು ಬಣ್ಣ ನೋಡಿ ಆರಿಸುತ್ತಿದ್ದರು. ಹಳೆಯ ಪೆನ್ನುಗಳಿಗೆ ಹೊಂದುವಂಥವು ಬೇರೆ ತಟ್ಟೆಯಲ್ಲಿದ್ದವು. ನೋಡಿ ನನಗೆ ಮೈಯೆಲ್ಲ ಉರಿಯಿತು. ಅದರಲ್ಲಿ ಒಂದೇ ಒಂದು ಆಗ ಬೇಗ ಸಿಕ್ಕಿದ್ದರೆ...

ಇದೇ ಊರಿನ ಕೊಂಢವಾದಲ್ಲಿ ಮಾಸ್ತರರದು ನಮ್ಮ ಪಕ್ಕದ ಮನೆ. ವಿಜಯಪುರದ ಕಡೆಯವರು, ಇಲ್ಲೇ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಸಂಜೆಯಾದರೆ ಗಾರೆ ಕೆಲಸದ ಹೆಂಗಸರನ್ನು ಕೂಡಿಸಿಕೊಂಡು ಸಹಿ ಮಾಡಲು ಕಲಿಸುತ್ತಿದ್ದರು. ಅಆಇಈ ಆಮೇಲೆ, ಮೊದಲು ಅವರವರ ಹೆಸರು. ಮನೆಯವರು ಮುಟ್ಟಿದರೂ ಸಿಡಿಮಿಡಿಗೊಳ್ಳುತ್ತಿದ್ದ ತಮ್ಮ ಫಾರಿನ್ ಪೆನ್ನನ್ನು ಸಿಮೆಂಟು ಮೆತ್ತಿದ ಆ ಕೈಗಳಿಗೆ ಕೊಡುತ್ತಿದ್ದರು. ನನ್ನ ಅವ್ವ ಸಹಿ ಕಲಿತದ್ದೂ ಅವರ ಹತ್ತಿರವೇ. "ಹೆಸರ ಇಟ್ಕೊಂಡು ಹೆಬ್ಬೆಟ್ಟ ಯಾಕ ಒತ್ತಬೇಕ್ರಿ?" ಎಂದು ರೇಗುತ್ತಿದ್ದರು.

ಆಮೇಲೆ ಅವರಿಗೇ ಲಕ್ವ ಹೊಡೆಯಿತು. ಬಲಗೈಯಲ್ಲಿ ಕಸುವು ಉಳಿಯಲಿಲ್ಲ. ಬಾಲ್‌ಪೆನ್ನು ಒತ್ತಿ ಗೀಚಿದ್ದು ಬ್ಯಾಂಕಿನಲ್ಲಿದ್ದ ಸಹಿಗೆ ಹೋಲದೆ ಚೆಕ್ಕು ವಾಪಸ್ಸು ಬಂತು. ಜೆಲ್ ಪೆನ್ನು ಜಾರಿತು. ಹೊಸ ಫೌಂಟನ್ ಪೆನ್ನಿನ ನಿಬ್ಬು ಅವರ ಕೈಗೆ ಒಗ್ಗಲಿಲ್ಲ. ಅವರ ಪೆನ್ನೋ, ಕಾಯಿಲೆಯ ತಿಂಗಳುಗಳಲ್ಲಿ ಬಿದ್ದಲ್ಲೇ ಬಿದ್ದು, ಒಳಗಿನ ಕನ್ವರ್ಟರ್‌ನ ರಬ್ಬರು ಡಾಂಬರಿನಂತೆ ಕರಗಿ ಹೋಗಿತ್ತು. ಆ ಪೆನ್ನಿನ ನಿಬ್ಬನ್ನೇ ಶಾಯಿಯಲ್ಲಿ ಅದ್ದಿ ಕೊಟ್ಟೆ. ನಡುಗುವ ಕೈಯಿಂದ ಕಾಗದದ ಮೇಲೆಲ್ಲ ಶಾಯಿ ಚೆಲ್ಲಿತು, ಆದರೆ ಅಕ್ಷರ ಮಾತ್ರ ಅವರದೇ! ಕನ್ವರ್ಟರ್ ಒಂದು ಸಿಕ್ಕರೆ ಸಹಿ ಉಳಿಯುತ್ತದೆ ಎಂದು ಇಬ್ಬರಿಗೂ ಗೊತ್ತಾಯಿತು.

ಪೆನ್ನಿನ ಕಂಪನಿ ಎಂದೋ ಆ ಮಾದರಿ ನಿಲ್ಲಿಸಿತ್ತು. ನಾನು ಆಫೀಸು ಬಿಟ್ಟು ಅಂಗಡಿ ಅಂಗಡಿ ಅಲೆದೆ. ಒಂದು ಕನ್ವರ್ಟರ್ ಉದ್ದವಾಗಿ ಪೆನ್ನು ಮುಚ್ಚಲಿಲ್ಲ. ಇನ್ನೊಂದರ ಬಾಯಿ ಸಡಿಲ, ಮಾಸ್ತರರ ಧೋತರವೆಲ್ಲ ನೀಲಿ. "ಮ್ಯಾಡಮ್, ಬಾಲ್‌ಪೆನ್ ಘ್ಯಾ ನಾ," ಎಂದು ಅಂಗಡಿಯವನು ಬಾಲ್‌ಪೆನ್ನನ್ನೇ ಮುಂದೆ ಹಿಡಿದು ನಕ್ಕ. ಕೊನೆಗೆ ನಾಸಿಕದ ಒಬ್ಬ ಸಂಗ್ರಾಹಕರು ತಮ್ಮಲ್ಲಿರುವುದನ್ನು ಕೊರಿಯರ್ ಮಾಡಲು ಒಪ್ಪಿದರು.

ಮಾಸ್ತರರ ಮಗನಿಗೆ ತಾಳ್ಮೆ ಇರಲಿಲ್ಲ. "ಒಂದು ಪೆನ್ನಿನ ಸಲುವಾಗಿ ಎಷ್ಟ ದಿನಾ ಕಾಯೂದ್ರಿ ಅಕ್ಕಾ? ಬ್ಯಾಂಕಿನ್ಯಾಗ ಹೆಬ್ಬೆಟ್ಟ ನಡೀತದಂತ," ಎಂದ. ಒಂದು ವಾರ ತಡಿ ಎಂದು ಕೈ ಮುಗಿದು ಕೇಳಿಕೊಂಡೆ.

ಕನ್ವರ್ಟರ್ ಬಂತು. ಟಕ್ಕನೆ ಕೂತಿತು. ಶಾಯಿ ತುಂಬಿ ಕೈಗಿಟ್ಟೆ. ಮಾಸ್ತರರು ನಿಧಾನವಾಗಿ ತಮ್ಮ ಪೂರ್ತಿ ಹೆಸರು ಬರೆದರು, ಕೊನೆಯ ಸುರುಳಿಯ ಸಮೇತ.

"ನಾಳೆನ ಬ್ಯಾಂಕಿಗೆ ಹೋಗೂಣ್ರಿ ಮಾಸ್ತರ!" ಎಂದು ಕೂಗಿಬಿಟ್ಟೆ.

"ಮಗಾ ನಿನ್ನೆ ಕರಕೊಂಡು ಹೋಗಿದ್ದನವ್ವಾ," ಎಂದರು. "ಇನ್ನ ಅಲ್ಲಿ ಈ ಸಹಿ ನಡಿಯಂಗಿಲ್ಲ. ಹೆಬ್ಬೆಟ್ಟ ಅಂತ ಬದಲಿ ಮಾಡ್ಯಾರ."

ಕಾಯಿಲೆಯ ನಂತರ ಮತ್ತೆ ಕಲಿಯಲು ಬರತೊಡಗಿದ್ದ ಹೆಂಗಸರನ್ನು ಆ ಸಂಜೆ ಬಾಗಿಲಿಂದಲೇ ವಾಪಸ್ಸು ಕಳಿಸಿದರು. ಪಾಠ ಮತ್ತೆ ನಡೆಯಲಿಲ್ಲ...

ಅವರು ಹೋಗಿ ವರ್ಷಗಳಾದವು. ಮಗ ಈಗಲೂ ಎದುರಾದರೆ ನಗುತ್ತಾನೆ, ನಾನು ಮುಖ ತಿರುಗಿಸುತ್ತೇನೆ. ಆ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನಿನ್ನೆ ಬ್ಯಾಂಕಿನಲ್ಲಿ ಅಂದಿನ ಹೆಂಗಸರಲ್ಲಿ ಒಬ್ಬಾಕೆ ಸಿಕ್ಕಳು. ಸಹಿ ಮಾಡಲೆಂದು ನನ್ನ ಪೆನ್ನು ಕೊಡಹೋದೆ.

"ನನಗ ಹೆಸರಿನ ಮೊದಲನೇ ಅಕ್ಷರ ಅಷ್ಟ ಬರ್ತದ್ರಿ ಅಕ್ಕಾರ," ಎಂದಳು. "ಅಷ್ಟರಾಗ ಮಾಸ್ತರು ನಿಲ್ಲಿಸಿಬಿಟ್ರು."

ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು.